ಡೆಸ್ ದೆವ್ವ ಬಿಡಿಸಿದ್ದು

ಗುರುವಾರ ಮಧ್ಯಾಹ್ನದ ಹೊತ್ತಿಗೆ ದೆವ್ವ ಕೊನೆಗೂ ತೊಲಗಿತು. ಡೆಸ್ ಕುರ್ಚಿಗೆ ಒರಗಿ, ಬೆಳಗಿನಿಂದ ಆರಿಕೊಂಡು ಬಿದ್ದಿದ್ದ, ಚಿಪ್ಪುಮೀನು ತುಂಬಿ ಬೇಯಿಸಿದ ಪೈ ತಿಂಡಿಯನ್ನು ಕೈಗೆತ್ತಿಕೊಂಡ. ಪರದೆಯ ಮೇಲೆ ಮುದುಕಿಯೊಬ್ಬಳು ಸಮುದ್ರದೊಳಕ್ಕೆ ಚಾಚಿದ ಮರದ ಜೆಟ್ಟಿಯ ಉದ್ದಕ್ಕೂ ಒಬ್ಬಳೇ ನಡೆದು ಹೋಗುತ್ತಿದ್ದಳು. ಅವಳ ಹಿಂದೆ ಈಗ ಸಮುದ್ರ ಬಿಟ್ಟರೆ ಏನೂ ಇರಲಿಲ್ಲ.

ಆಸ್ಟ್ರೇಲಿಯಾದ ಹೋಬಾರ್ಟ್ ಬಂದರಿನ ಹತ್ತಿರ, ಮೀನುಬಲೆ ಮಾರುವ ಅಂಗಡಿಯ ಮಹಡಿಯಲ್ಲಿದ್ದ ಅವನ ಪುಟ್ಟ ಕಂಪನಿ ಕಂಪ್ಯೂಟರ್ ಆಟ ತಯಾರಿಸುತ್ತಿತ್ತು. ಡೆಸ್‌ನ ಕೆಲಸ ಅಂಚು ನುಣುಪು ಮಾಡುವುದು. ಪರದೆ ಅಂದರೆ ಸಣ್ಣ ಸಣ್ಣ ಚೌಕಗಳ ರಾಶಿ. ಅದರ ಮೇಲೆ ಓರೆಗೆರೆ ಎಳೆದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ದೋಣಿಯ ಹಗ್ಗ ಗರಗಸದಂತೆ ಕಂಡ ದಿನ ಡೆಸ್‌ಗೆ ಊಟ ಸೇರುತ್ತಿರಲಿಲ್ಲ. ಅವನ ಉಪಾಯ ಸರಳ: ಹೊಸ ಚಿತ್ರದ ಮೇಲೆ ಕ್ಷಣದ ಹಿಂದಿನ ಚಿತ್ರವನ್ನು ತೆಳ್ಳಗೆ ಸವರಿಬಿಡುವುದು. ಮೆಟ್ಟಿಲು ಕರಗಿಹೋಗುತ್ತದೆ. ಆದರೆ ಲೆಕ್ಕ ಕೊಂಚ ತಪ್ಪಿದರೂ ನಡೆಯುವವರ ಬೆನ್ನಿಗೆ ಅವರದೇ ಮಸುಕು ನೆರಳು ಅಂಟಿಕೊಂಡು ಬರುತ್ತದೆ. ಆ ಕಸುಬಿನವರು ಅದನ್ನು ದೆವ್ವ ಅನ್ನುತ್ತಾರೆ. ಮುದುಕಿಯ ಹಿಂದಿನ ದೆವ್ವ ಬಿಡಿಸಲು ಡೆಸ್ ವಾರವೆಲ್ಲ ಹೆಣಗಿದ್ದ. ಆಟದ ಕಥೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಕಥೆಗೆ ಅಂಚು ಇರುವುದಿಲ್ಲ.

ಚಿತ್ರ ಬರೆಯುವ ಐಲ್ಸಾ ಟೀ ಮಗ್ ಹಿಡಿದುಕೊಂಡು ಬಂದು ಅವನ ಹಿಂದೆ ನಿಂತಳು.

“ಹಗ್ಗ ನೋಡು,” ಅಂದ ಡೆಸ್. “ಬೆಣ್ಣೆ!”

“ಚೆನ್ನಾಗಿದೆ.” ಅವಳ ಕಣ್ಣು ಹಗ್ಗದ ಮೇಲಿರಲಿಲ್ಲ. “ಆಲ್ಫ್ ಎಲ್ಲೋ?”

“ಯಾವ ಆಲ್ಫ್?”

“ಆಲ್ಫ್ ಕಣೋ. ಈ ಮುದುಕಿ ಗಂಡ. ಸಮುದ್ರದಲ್ಲಿ ಹೋದೋನು. ಸತ್ತ ಮೇಲೂ ಅವಳ ಹಿಂದೇನೇ ಬರ್ತಾನೆ, ಇವಳು ತಿರುಗಿ ನೋಡಲ್ಲ. ಕಥೆ ಇರೋದೇ ಅಷ್ಟು.”

ಡೆಸ್ ಅಗಿಯುವುದನ್ನು ನಿಲ್ಲಿಸಿದ. “ಬೂದು ಬಣ್ಣ? ತೆಳ್ಳಗೆ? ಒಂದು ಹೆಜ್ಜೆ ಹಿಂದೆ?”

“ಹೂಂ.”

“ದೆವ್ವ ಅಂದ್ಕೊಂಡು ಈಗ ತಾನೇ ಬಿಡಿಸ್ದೆ.”

ಐಲ್ಸಾ ಮಗ್ಗನ್ನು ಮೇಜಿನ ಮೇಲಿಟ್ಟಳು. ಟೀ ಎರಚುತ್ತಾಳೇನೋ ಎಂದುಕೊಂಡಿದ್ದ ಡೆಸ್‌ಗೆ ಅದೇ ದೊಡ್ಡ ಸಮಾಧಾನ. ಅವಳು ಕೂಗಾಡಲೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಳು. ಆಲ್ಫ್‌ನನ್ನು ಅವಳು ತನ್ನ ಅಪ್ಪನ ಹಾಗೆಯೇ ಬರೆದಿದ್ದಳು. ಹೋದ ಚಳಿಗಾಲದಲ್ಲಿ ತೀರಿಕೊಂಡ ಅಪ್ಪ ಅವಳಿಗೆ ಉಳಿದದ್ದು ಆ ಚಿತ್ರದಲ್ಲಷ್ಟೇ. ಆದರೆ ಆಟ ಆಡಿ ನೋಡಲು ಬಂದವರಲ್ಲಿ ಒಬ್ಬರ ಕಣ್ಣಿಗೂ ಆಲ್ಫ್ ಬಿದ್ದಿರಲಿಲ್ಲ. ಯಾರಿಗೂ ಕಾಣದ ದೆವ್ವ ಇದ್ದರೆಷ್ಟು ಬಿಟ್ಟರೆಷ್ಟು, ಶುಕ್ರವಾರದೊಳಗೆ ಒಬ್ಬರಾದರೂ ‘ಕಂಡ’ ಅನ್ನದಿದ್ದರೆ ತೆಗೆದುಹಾಕು ಎಂದು ಯಜಮಾನ ನೆವ್ ಅವಳಿಗೆ ಹೇಳಿಬಿಟ್ಟಿದ್ದ.

“ಇರ್ಲಿ ಬಿಡು,” ಅಂದಳು. “ನಾಳೆ ನಾನೇ ಅಳಿಸ್ಬೇಕಿತ್ತು. ನಿನ್ನ ಕೈಲಾಯ್ತು.”

ಸಮಾಧಾನ ಹೇಳಿ ಡೆಸ್‌ಗೆ ಅಭ್ಯಾಸವಿರಲಿಲ್ಲ. ಕೆಲಸದ ಮಾತಾದರೆ ಬರುತ್ತಿತ್ತು.

“ಸುಲಭವಾಗಿ ಹೋಗ್ಲಿಲ್ಲ ಕಣೇ. ಬೇರೆ ದೆವ್ವಗಳೆಲ್ಲ ಚಿಟಿಕೆ ಹೊಡ್ಯೋದ್ರೊಳಗೆ ಹೋಗ್ತವೆ. ಇದು ಮಾತ್ರ ಯಾವ ಲೆಕ್ಕಕ್ಕೂ ಸಿಗ್ಲಿಲ್ಲ. ಮುದುಕಿ ನೆಟ್ಟಗೆ ನಡೀತಾಳೆ, ಅವಳ ನೆರಳು ಕುಂಟುತ್ತೆ! ಜೆಟ್ಟಿ ತುದೀಲಿ ಅವಳು ನಿಂತ್ರೆ ಇದು ನಿಂತು ಟೋಪಿ ತೆಗೆಯುತ್ತೆ. ಮುದುಕಿಗೆ ಟೋಪೀನೇ ಇಲ್ಲ. ಯಾವ ತಪ್ಪು ಮಾಡಿದ್ರೆ ಟೋಪಿ ಬರುತ್ತೆ ಅಂತ ನನ್ನ ತಲೆ ಕೆಟ್ಟುಹೋಯ್ತು.”

ಐಲ್ಸಾ ತಲೆಯೆತ್ತಿದಳು. “ಟೋಪಿ ನೋಡಿದ್ಯಾ?”

“ವಾರವೆಲ್ಲ ಇನ್ನೇನು ನೋಡ್ದೆ?”

“ಕುಂಟೋದು?”

“ಎಡಗಾಲು.”

“ನೆವ್!” ಐಲ್ಸಾಳ ಕೂಗಿಗೆ ಕೆಳಗಿನ ಅಂಗಡಿಯವರೂ ಮೇಲೆ ನೋಡಿರಬೇಕು. ಒಳಕೋಣೆಯಿಂದ ನೆವ್ ಕತ್ತು ಹೊರಹಾಕಿದ.

“ಆಲ್ಫ್ ಒಬ್ಬರಿಗೆ ಕಂಡ!”

“ಯಾರಿಗೆ?”

“ಡೆಸ್‌ಗೆ.”

“ಡೆಸ್‌ಗಾ? ಕಣ್ಣೆದುರಿಗೇ ಹಡಗು ಮುಳುಗಿದ್ರೂ ಅಂಚು ನುಣ್ಣಗಿದ್ಯಾ ಅಂತ ನೋಡೋ ಆಸಾಮಿ ಅದು.”

“ವಾರವೆಲ್ಲ ನೋಡಿದಾನೆ. ನೋಡಿ ನೋಡಿ ಕೊಂದಿದಾನೆ.”

ನೆವ್ ಒಂದಿಷ್ಟು ಯೋಚಿಸಿದ. “ಕೊಲ್ಲೋಕೆ ವಾರ ಹಿಡೀತು ಅಂದ್ರೆ ಗಟ್ಟಿ ಪಿಂಡಾನೇ. ಇರ್ಲಿ, ವಾಪಸ್ ಕರೀರಿ,” ಎಂದು ಬಾಗಿಲು ಹಾಕಿಕೊಂಡ.

ಬಿಡಿಸಿದ ದೆವ್ವವನ್ನು ಮತ್ತೆ ಹಿಡಿಸಲು ಡೆಸ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುದುಕಿ ಹೊರಟಳು. ಒಂದು ಹೆಜ್ಜೆ ಹಿಂದೆ ಆಲ್ಫ್ ಎಡಗಾಲು ಎಳೆಯುತ್ತ ಹೊರಟ. ಜೆಟ್ಟಿಯ ತುದಿಯಲ್ಲಿ ಅವಳು ನೀರು ನೋಡುತ್ತ ನಿಂತಳು, ಅವನು ಟೋಪಿ ತೆಗೆದು ಅವಳನ್ನು ನೋಡುತ್ತ ನಿಂತ. ಐಲ್ಸಾಗೆ ಅಳು ಬಂತು, ತೋಳಿನಿಂದ ಮೂಗು ಒರೆಸಿಕೊಂಡಳು. ವಾರವೆಲ್ಲ ನೋಡಿದ್ದ ಅದೇ ದೆವ್ವ, ಆದರೂ ಡೆಸ್ ಮುದುಕಿಯನ್ನು ಮತ್ತೆ ಮೊದಲಿನಿಂದ ನಡೆಸಿ ನೋಡಿದ. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

“ಐಲ್ಸಾ, ಒಂದ್ಮಾತು. ಇವನ ಅಂಚು ಮಾತ್ರ ಇನ್ನೂ ಒರಟು. ಒಂಚೂರು ನುಣ್ಣಗೆ ಮಾಡ್ಲಾ?”

“ಬದುಕಿದ್ದಾಗ್ಲೂ ಅಪ್ಪ ಹಾಗೇ ಇದ್ದ,” ಅಂದಳು ಐಲ್ಸಾ. “ಕೈ ಹಚ್ಬೇಡ.”