ಕಿವಿಯಜ್ಜನ ಉತ್ತರ

"ಕೆಲಸದಿಂದ ತೆಗೀತಾರೆ ಅಂತ ಬರ್ಕೋ," ಎಂದ ಒಕಿತ್ಸು ಶೋಹೇ, ಪತ್ರ ಅರ್ಧ ಓದುವ ಮೊದಲೇ.

"ಸಾರ್, ಪೂರ್ತಿ ಓದೋಕಾದ್ರೂ ಬಿಡಿ," ಎಂದಳು ತೊಗಾವಾ. ಜಪಾನಿನ ಹಮಾಮಾತ್ಸು ಊರಿನ ವಾರಪತ್ರಿಕೆಯೊಂದರ ಸಂಪಾದಕಿ ಅವಳು. "'ನಿಮ್ಮ ಅನುಭವಕ್ಕೆ ತಕ್ಕ ಹೊಸ ವೇದಿಕೆಯನ್ನು ಜೊತೆಗೂಡಿ ಹುಡುಕೋಣ ಎಂದರು ನಮ್ಮ ಮ್ಯಾನೇಜರು…'"

"ಜೊತೆಗೂಡಿ ಅಂದ್ರಾ? ಹಾಗಾದ್ರೆ ಈ ತಿಂಗಳೇ ತೆಗೀತಾರೆ. ಮುಂದಿನದು."

ಪತ್ರಿಕೆಯಲ್ಲಿ ಓದುಗರ ಪತ್ರಗಳಿಗೆ ಉತ್ತರಿಸುವ 'ಕಿವಿಯಜ್ಜ' ಇವನೇ. ಪಿಯಾನೋ ಕಾರ್ಖಾನೆಯ ಆಡಳಿತ ವಿಭಾಗದಲ್ಲಿ ಮೂವತ್ತೆಂಟು ವರ್ಷ ಸುತ್ತೋಲೆ ಬರೆದು ನಿವೃತ್ತನಾದವನು. ಕಚೇರಿ ಮಾತಿನ ಸಿಪ್ಪೆ ಸುಲಿದು ಬೀಜ ತೋರಿಸುವುದರಲ್ಲಿ ಏಳು ಸಮುದ್ರದ ಈಚೆ ಇವನಿಗೆ ಸಮನಿಲ್ಲ. ಶುಕ್ರವಾರ ಪತ್ರಿಕೆ ಬಂತೆಂದರೆ ಊರಿನ ಮ್ಯಾನೇಜರುಗಳು ಸಂಜೆಯವರೆಗೆ ಆಕಳಿಸಲೂ ಬಾಯಿ ತೆರೆಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಕಿವಿಯಜ್ಜ ಅದಕ್ಕೂ ಅರ್ಥ ಹೇಳುತ್ತಾನೆಂಬ ಭಯ. ಆದರೆ ಆ ಅಜ್ಜ ಯಾರೆಂದು ತೊಗಾವಾಳನ್ನು ಬಿಟ್ಟರೆ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

"ಕೊನೇದು. ಹೆಸರು ಹಾಕಿಲ್ಲ. 'ಒಬ್ಬ ಹಿರಿಯರನ್ನು ಸಮಾರಂಭಕ್ಕೆ ಕರೆದಿದ್ದೇನೆ. ಮುಖ್ಯ ಕೆಲಸ ಅವರದೇ. ಸಕಾರಾತ್ಮಕವಾಗಿ ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿದೆ. ಕಾಯಲೇ, ಬೇರೆಯವರಿಗೆ ಒಪ್ಪಿಸಲೇ?' ಯಾವುದೋ ಅಂಗಡಿ ಉದ್ಘಾಟನೆ ಇರ್ಬೇಕು, ರಿಬ್ಬನ್ ಕತ್ತರಿಸೋಕೆ."

ಶೋಹೇ ಗಹಗಹಿಸಿ ನಕ್ಕ. "ಬರೋದಿಲ್ಲ. ಕಾಯಬೇಡಿ. ಅಷ್ಟೇ ಹಾಕು."

"ಪಾಪ, ಬಂದರೂ ಬರಬಹುದೇನೋ?"

"ತೊಗಾವಾ, ಬರೋನು 'ಬರ್ತೀನಿ' ಅಂತಾನೆ. ಅದಕ್ಕಿಂತ ಒಂದಕ್ಷರ ಹೆಚ್ಚಾದ್ರೂ ಬರಲ್ಲ ಅಂತಲೇ ಲೆಕ್ಕ."

ಅವಳು ಬರೆದುಕೊಂಡಳು.

ನಗುತ್ತಲೇ ಮನೆಗೆ ಬಂದ. ಮೇಜಿನ ಮೇಲೆ ಮಗಳು ಚಿಹಾಯಾಳ ಕಾರ್ಡು ಇತ್ತು. ನಗು ನಿಂತಿತು.

ಮಗಳು ಮಾತು ಬಿಟ್ಟು ಮೂರು ವರ್ಷ. ಹೆಂಡತಿ ತೀರಿಕೊಂಡ ದಿನ ಬಂದವರೆದುರು ನಿಂತು, ದುಃಖದಲ್ಲಿ ಬೇರೆ ಮಾತು ಹೊಳೆಯದೆ, ಶೋಹೇ ಎರಡು ಮಾತಾಡಿದ್ದ: "ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಮುಂದೆ ಇಂಥದ್ದು ಮರುಕಳಿಸದಂತೆ ಎಚ್ಚರ ವಹಿಸಲಾಗುವುದು." ಪುರೋಹಿತರ ಮಂತ್ರವೇ ನಿಂತುಹೋಯಿತು. "ಅಮ್ಮ ನಿನ್ನ ಆಫೀಸಿನ ಕಡತ ಅಲ್ಲಪ್ಪಾ," ಎಂದು ಚಿಹಾಯಾ ಬೂದಿ ಆರುವ ಮೊದಲೇ ಹೊರಟುಹೋದಳು. ತಾನು ಏನಂದೆನೆಂದು ಶೋಹೇಗೆ ಇಂದಿಗೂ ನೆನಪಿಲ್ಲ. ಆ ಕಿವಿಗೂ ಆ ಬಾಯಿಗೂ ನಡುವೆ ಒಂದು ಗೇಣು ಕೆನ್ನೆ, ಆದರೆ ಹೋಗಿಬರುವ ದಾರಿಯಿರಲಿಲ್ಲ.

ಕಳೆದ ವಾರ ಈ ಕಾರ್ಡು ಬಂದಿತ್ತು. "ಅಪ್ಪಾ, ನಿನ್ನ ಮೊಮ್ಮಗನಿಗೆ ಭಾನುವಾರ ನೂರು ದಿನ. ಮೊದಲ ತುತ್ತು ನೀನೇ ಮುಟ್ಟಿಸಬೇಕು. ಬಾ."

ಗಂಡು ಮಗುವಾದರೆ ಮನೆಯ ಹಿರಿಯ ಗಂಡಸು ಮುಟ್ಟಿಸುವುದು ಪದ್ಧತಿ. ಹಲ್ಲು ಗಟ್ಟಿಯಾಗಲೆಂದು ಒಂದು ಕಲ್ಲಿಗೆ ಊಟದ ಕಡ್ಡಿ ತಾಗಿಸಿ, ಅದನ್ನು ಮಗುವಿನ ವಸಡಿಗೆ ತಾಗಿಸಬೇಕು. ಆ 'ಬಾ' ಎಂಬುದರ ಸಿಪ್ಪೆಯನ್ನು ಶೋಹೇ ಮೂರು ದಿನ ಸುಲಿದ. ಒಳಗೆ ಏನೂ ಸಿಗಲಿಲ್ಲ. ಬರೀ 'ಬಾ'. ಜೀವಮಾನದಲ್ಲಿ ಅವನು ಅಷ್ಟು ಹೆದರಿದ್ದೇ ಇಲ್ಲ. ಉತ್ತರ ಬರೆಯುವಷ್ಟರಲ್ಲಿ ಏಳು ಕಾರ್ಡು ಹಾಳಾದವು. ಎಂಟನೆಯದು ಮರ್ಯಾದೆಯಾಗಿ ಮೂಡಿತು. ಕಳೆದ ವಾರವೇ ಅದನ್ನು ಅಂಚೆ ಡಬ್ಬಿಗೆ ಹಾಕಿ ಕೈಮುಗಿದಿದ್ದ.

ಆಮೇಲೆ ಕಲ್ಲಿನ ಬೇಟೆ. ತೆನ್‌ರ್ಯೂ ನದಿಯ ದಡದ ಕಲ್ಲುಗಳಲ್ಲಿ ಅರ್ಧ ಮಗುಚಿ ಹಾಕಿದನೆಂದರೆ ಸುಳ್ಳಲ್ಲ. ಕೊನೆಗೆ ಹೆಬ್ಬೆರಳಿನಷ್ಟು ಕಪ್ಪುಕಲ್ಲೊಂದು ಸಿಕ್ಕಿತು. ಕುದಿಸಿ ತೊಳೆದ, ತೊಳೆದು ಕುದಿಸಿದ. ಇನ್ನೊಂದು ದಿನ ಬಿಟ್ಟಿದ್ದರೆ ಕರಗಿಯೇ ಹೋಗುತ್ತಿತ್ತು.

ಭಾನುವಾರ ಮಧ್ಯಾಹ್ನ, ಹೇಳಿದ ಹೊತ್ತಿಗೆ ಸರಿಯಾಗಿ, ಕಲ್ಲನ್ನು ಕೋಟಿನ ಜೇಬಿನಲ್ಲಿ ಹಿಡಿದು ಮಗಳ ಬಾಗಿಲು ತಟ್ಟಿದ.

ಚಿಹಾಯಾ ಬಾಗಿಲು ತೆಗೆದು ಹಾಗೇ ನಿಂತಳು. "ಅಪ್ಪಾ… ನೀನಾ?"

ಅವಳ ಹೆಗಲಾಚೆ ಎಲ್ಲ ಕಾಣುತ್ತಿತ್ತು. ಇಡೀ ಮೀನು, ಕೆಂಪು ಕಾಳಿನ ಅನ್ನ. ಬೀಗರು ನಾಗೈ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಡ್ಡಿ ಕೆಳಗಿಡುತ್ತಿದ್ದರು. ಮಗು ತುಟಿ ಚಪ್ಪರಿಸುತ್ತಿತ್ತು. ತಟ್ಟೆಯಲ್ಲೊಂದು ಕಲ್ಲು, ಬಿಳಿಯದು.

"ಅಯ್ಯಯ್ಯೋ, ಒಕಿತ್ಸು ಅವರೇ!" ನಾಗೈ ಗಡಬಡಿಸಿದರು. "ನೀವು ಬರ್ತೀರಿ ಅಂತ ಗೊತ್ತಿದ್ರೆ ನಾನ್ಯಾಕೆ… ತಾವು ಬನ್ನಿ, ಇನ್ನೊಂದ್ಸಲ ಮಾಡೋಣ."

ಮೊದಲ ತುತ್ತು ಎರಡು ಸಲ ಬರುವುದಿಲ್ಲ ಎಂಬುದು ಮೇಜಿನ ಸುತ್ತ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮೀನನ್ನೇ ನೋಡಿದರು.

ಶೋಹೇಗೆ ಅರ್ಥವಾಯಿತು. 'ಬಾ' ಎಂಬುದಕ್ಕೂ ಒಳಗೊಂದು ಬೀಜವಿತ್ತು. ತನಗೇ ಕಾಣಲಿಲ್ಲ. ತಪ್ಪೇನಿಲ್ಲ, ಅವಳಿಗೆ ಅಷ್ಟು ಹಕ್ಕಿದೆ.

"ಹೊರಡ್ತೀನಮ್ಮ," ಎಂದ ಮೆಲ್ಲಗೆ. "ಬರೋದು ಬೇಡ ಅಂತಿದ್ರೆ ಹಾಗೇ ಬರೀಬಹುದಾಗಿತ್ತು."

"ಬೇಡ ಅಂದವಳು ನಾನಾ?" ಎಂದಳು ಚಿಹಾಯಾ. "ಬಾ ಅಂತ ಬರ್ದೆ. ಅಷ್ಟು ಬಿಡಿಸಿ ಬರ್ದೆ. ನಿನ್ನ ಕಾರ್ಡ್ ಬಂತು. ಎಷ್ಟು ಸಲ ಓದಿದ್ರೂ ಬರ್ತೀಯೋ ಇಲ್ವೋ ತಿಳೀಲಿಲ್ಲ ಅಪ್ಪಾ. ಫೋನ್ ಮಾಡೋಕೆ ಧೈರ್ಯ ಬರ್ಲಿಲ್ಲ. ಇಂಥ ಮಾತಿನ ಅರ್ಥ ಗೊತ್ತಿರೋರನ್ನ ಕೇಳ್ದೆ."

"ಯಾರನ್ನ?"

ಅವಳು ಫ್ರಿಜ್ಜಿನ ಕಡೆ ತಿರುಗಿ ನೋಡಿದಳು. ಅದರ ಬಾಗಿಲ ಮೇಲೆ ಶೋಹೇಯ ಕಾರ್ಡು, ಅವನದೇ ದುಂಡಗಿನ ಕೈಬರಹ: "ತಮ್ಮ ಆಹ್ವಾನವನ್ನು ಸಕಾರಾತ್ಮಕವಾಗಿ ಪರಿಶೀಲಿಸಲಾಗುವುದು."

ಪಕ್ಕದಲ್ಲಿ ಶುಕ್ರವಾರದ ಪತ್ರಿಕೆಯಿಂದ ಕತ್ತರಿಸಿದ ಚೂರು: "ಬರೋದಿಲ್ಲ. ಕಾಯಬೇಡಿ. — ಕಿವಿಯಜ್ಜ."