ಮೈನಸ್ ಒಂದು

ಭೂಮಿಕಾಳ ತೆರೆಯ ಮೇಲೆ ‘ಒಳಗೆ ಕೈ ಇಲ್ಲ’ ಎಂಬ ಹಸಿರು ಅಕ್ಷರ ಮೂಡಿತು. ಎಣ್ಣೆ ಒರೆಸಲು ತಗಡು ಒತ್ತುವ ಪ್ರೆಸ್ಸಿನ ಆಚೆ ಬದಿಗೆ ಹೋಗಿದ್ದ ಮುನಿಯಲ್ಲಪ್ಪ ಯಾರಿಗೂ ಕಾಣುತ್ತಿರಲಿಲ್ಲ. ಹಸಿರನ್ನು ನಂಬಿದ ಫೋರ್‌ಮನ್ ಜಗನ್ ಗುಂಡಿಯ ಮೇಲೆ ಬೆರಳಿಟ್ಟ. “ಎನ್ನಮ್ಮಾ ಮೌನಗೌರಿ, ನಿನ್ ಹೊಸ ಪ್ರೋಗ್ರಾಂ ಸರೀನಾ? ಒತ್ಬುಡ್ಲಾ?”

ಕೈ ಇದೆಯೋ ಇಲ್ಲವೋ ಎಂದು ಹೇಳುವುದು ಈಗಲೂ ಮೆಷಿನ್ನಿನ ಹಳೆಯ ಸಾಫ್ಟ್‌ವೇರೇ. ಅವಳ ಪ್ರೋಗ್ರಾಂ ಅದರ ಉತ್ತರ ಕೇಳಿ ಬಣ್ಣ ತೋರಿಸುತ್ತಿತ್ತು, ಅಷ್ಟೆ. ಒಂದು ಬಂದರೆ ಕೈ ಇದೆ, ಬೇರೇನು ಬಂದರೂ ಇಲ್ಲ ಎಂದು ಬರೆದವಳು ಅವಳೇ. ಈಗ ತೆರೆಯ ಮೂಲೆಯಲ್ಲಿ ಬಂದು ಕೂತಿದ್ದ ಉತ್ತರ ಮೈನಸ್ ಒಂದು. ಆಗ ಅವಳಿಗೆ ಹೊಳೆಯಿತು. ಆ ಹಳೆಯದರ ಭಾಷೆಯಲ್ಲಿ ‘ಹೌದು’ ಅನ್ನುವುದೇ ಹಾಗೆ!

“ಒತ್ಬ್ಯಾಡ ಕಣ್ಲಾ!”

ಬಾಗಲೂರಿನ ಮನೆಯಲ್ಲಿ ತಮ್ಮನನ್ನು ಗದರುವ ದನಿಯೇ ಬಂದುಬಿಟ್ಟಿತ್ತು. ಶೆಡ್ಡಿಗೆ ಶೆಡ್ಡೇ ತಿರುಗಿ ನೋಡಿತು. ಜಗನ್ ಮುಖ ಕೆಂಪಾಯಿತು, ಬೆರಳು ಮಾತ್ರ ಗುಂಡಿ ಬಿಡಲಿಲ್ಲ. “ಯಾರಿಗಮ್ಮಾ ‘ಲಾ’ ಅಂದಿದ್ದು?”

“ನಿಮ್ಗೇ ಸಾರ್. ಮೊದ್ಲು ಬೆರಳ್ ತೆಗೀರಿ.”

ಅವನು ತೆಗೆದ. ಪ್ರೆಸ್ಸಿನ ಆಚೆಯಿಂದ ಮುನಿಯಲ್ಲಪ್ಪನ ದನಿ ಬಂತು: “ಯಾಕ್ ಸಾರ್ ಗಲಾಟೆ? ನಾನಿನ್ನೂ ಒಳಗ್ ಒರೆಸ್ತಾ ಇವ್ನಿ.”