ವಾದಿರಾಜರ ಟಿಪ್ಪಣಿ

ಒಬ್ಬರ ಅನುವಾದವನ್ನು ಇನ್ನೊಬ್ಬರು ನೋಡಿ ತಿದ್ದಲು ಉಚಿತವಾಗಿ ಸಿಗುವ ಮೂರು ಸಲಕರಣೆಗಳಲ್ಲಿ ಯಾವುದು ಆಗಬಹುದೆಂದು ಕನ್ನಡ ತಂತ್ರಾಂಶ ಬಳಗ ತನ್ನದೇ ಸರ್ವರಿನಲ್ಲಿ ಹಾಕಿ ನೋಡುತ್ತಿತ್ತು. ಬಳಗದ ಪ್ರಫುಲ್ಲಾ ಪರೀಕ್ಷೆಗೆಂದು ಒಂದು ಹೊಸ ವಾಕ್ಯವನ್ನು ಅನುವಾದಿಸಿದಳು. ಐದೇ ನಿಮಿಷಕ್ಕೆ ಅದು ಒಂದು ಟಿಪ್ಪಣಿಯೊಂದಿಗೆ ತಿರಸ್ಕೃತವಾಗಿ ವಾಪಸ್ ಬಂತು. "ಗಟ್ಟಿಯಾಗಿ ಓದಿ ನೋಡಿ, ನಾಲಿಗೆ ತೊಡರುತ್ತೆ." ಕೆಳಗೆ ವಾದಿರಾಜರ ಹೆಸರಿತ್ತು. ಬಳಗದ ಹಿರಿಯರಾಗಿ ಹನ್ನೊಂದು ವರ್ಷ ಅವರು ಅವಳನ್ನು ತಿದ್ದಿದ್ದು ಇದೇ ಮಾತಿನಿಂದ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು.

ಸರ್ವರ್ ನೋಡಿಕೊಳ್ಳುವ ನಜೀರನಿಗೆ ಫೋನ್ ಮಾಡಿದಳು.

"ಹಳೇ ಟಿಪ್ಪಣಿ ಇರ್ಬೇಕು ಮೇಡಂ."

"ವಾಕ್ಯ ನಾನು ಈಗಷ್ಟೇ ಬರೆದಿದ್ದು, ನಜೀರ್."

ಅವನು ತಡವರಿಸಿದ. "ಹಳೇ ಸದಸ್ಯರ ಪಟ್ಟಿ ಇದಕ್ಕೂ ಹಾಗೇ ಏರಿಸಿಬಿಟ್ಟೆ. ಎಲ್ಲರಿಗೂ ಹೊಸ ಪಾಸ್‌ವರ್ಡ್ ಹೋಗಿದೆ, ಅವರಿಗೂ. ಮನೇಲಿ ಯಾರೋ ನೋಡಿರ್ಬೇಕು. ಖಾತೆ ಮುಚ್ಚಿಬಿಡ್ಲಾ?"

"ತಡಿ, ಮೊದಲು ಕೇಳ್ತೀನಿ."

ಮನೆಯಲ್ಲಿ ಫೋನ್ ಎತ್ತಿದ್ದು ವಾದಿರಾಜರ ಹೆಂಡತಿ.

"ಅಮ್ಮಾ, ಈಗ ನನ್ನ ಅನುವಾದ ವಾಪಸ್ ಕಳಿಸಿದ್ದು ನೀವಾ?"

"ಹೂಂ ಕಣಮ್ಮಾ, ನಾನೇ."

ಪ್ರಫುಲ್ಲಾಳಿಗೆ ಹೋದ ಜೀವ ಬಂದಂತಾಯಿತು. "ಅವರ ಥರಾನೇ ಬರೆದಿದ್ದೀರಿ."

"ನಂಗೆ ಇದೆಲ್ಲ ಎಲ್ಲಿ ಬರುತ್ತೆ? ಪಕ್ಕದಲ್ಲಿ ಕೂತು ಹೇಳ್ತಾರೆ, ನಾನು ಟೈಪ್ ಮಾಡ್ತೀನಿ ಅಷ್ಟೇ. ಇರು, ಫೋನ್ ಇವರಿಗೇ ಕೊಡ್ತೀನಿ."